ಪ್ಲೈವುಡ್ ಕಾರಿನ ಮೇಲೋ, ಒಳಗೋ?

ಮನೆಯ ಕಪಾಟುಗಳನ್ನು ನಾನೇ ಮಾಡಿಕೊಳ್ಳಲು ಹೊರಟಾಗ ಮೊದಲು ಕೊಂಡಿದ್ದು ಕಾರಿನ ಮೇಲೆ ಕೂರಿಸುವ ಕ್ಯಾರಿಯರ್. ಎರಡೇ ಸಲ ಬಳಸಿದೆ, ಈಗ ಅಟ್ಟದಲ್ಲಿದೆ. ಪ್ಲೈವುಡ್ ಶೀಟನ್ನು ಅಂಗಡಿಯಲ್ಲೇ ಕತ್ತರಿಸಿಕೊಂಡು, ಹಿಂದಿನ ಸೀಟು ಮಡಚಿ ಒಳಗೆ ತರುವುದೇ ನನಗೆ ಒಗ್ಗಿದ ದಾರಿ. ಬಾಡಿಗೆ ಗೂಡ್ಸ್ ಗಾಡಿಯನ್ನೂ ಕರೆಸಿ ನೋಡಿದ್ದೇನೆ.

ಕ್ಯಾರಿಯರ್ ಕೊಳ್ಳುವಾಗ ನನ್ನ ತಲೆಯಲ್ಲಿ ಇದ್ದಿದ್ದು ತೂಕ ಮಾತ್ರ. 8 ಅಡಿಗೆ 4 ಅಡಿಯ, 18 ಮಿ.ಮೀ. ದಪ್ಪದ ಶೀಟ್ 30 ಕೆಜಿ ಆಸುಪಾಸು ಇರುತ್ತದೆ. ಎಷ್ಟೋ ಸಣ್ಣ ಕಾರುಗಳ ಮೇಲೆ ಕ್ಯಾರಿಯರ್ ತೂಕವೂ ಸೇರಿ 50 ಕೆಜಿಗಿಂತ ಜಾಸ್ತಿ ಹೇರುವಂತಿಲ್ಲ. ಅಂದರೆ ಸಲಕ್ಕೆ ಒಂದೇ ಶೀಟ್. ಅದಕ್ಕೆ ಒಪ್ಪಿಕೊಂಡೇ ತಂದಿದ್ದೆ.

ನಿಜವಾದ ಕಾಟ ಗಾಳಿಯದು. ಶೀಟ್ ಛಾವಣಿಗಿಂತ ಉದ್ದ, ಹಾಗಾಗಿ ಮುಂದಿನ ಅಂಚು ಗಾಜಿನ ಮೇಲೆ ಚಾಚಿಕೊಂಡಿರುತ್ತದೆ. ವೇಗ 40 ದಾಟಿದ್ದೇ ತಡ, ಗಾಳಿ ಅಡಿಯಿಂದ ನುಗ್ಗಿ ಅಂಚನ್ನು ಎತ್ತತೊಡಗಿತು. ಬೆರಳಷ್ಟು ಮೇಲೇಳುತ್ತಿತ್ತು, ದಡ್ ಎಂದು ಬೀಳುತ್ತಿತ್ತು. ಓಡಿಸುತ್ತಾ ಅದನ್ನೇ ನೋಡುತ್ತಿದ್ದೆ, ಕೈ ಬೆವರಿತ್ತು.

ಅಡ್ಡಕ್ಕೆ ಬಿಗಿದ ಬೆಲ್ಟ್ ಇದನ್ನು ತಡೆಯುವುದಿಲ್ಲ. ಮುಂದಿನ ಅಂಚಿನಿಂದ ಕಾರಿನ ಮೂತಿಗೆ ಎರಡೂ ಕಡೆ ಹಗ್ಗ ಇಳಿಬಿಡಬೇಕು. ನನ್ನ ಕಾರಿನಲ್ಲಿ, ಗಾಡಿ ಕೆಟ್ಟಾಗ ಎಳೆಯಲು ಹಾಕುವ ಕೊಕ್ಕೆಗೆ ಜಾಗ ಇರುವುದು ಒಂದೇ ಪಕ್ಕಕ್ಕೆ. ಇನ್ನೊಂದು ಹಗ್ಗವನ್ನು ಬಾನೆಟ್ ಸಂದಿಯಿಂದ ಒಳಗೆ ಕಟ್ಟಿದೆ. ಮನೆ ಮುಟ್ಟುವಷ್ಟರಲ್ಲಿ ಅದು ಉಜ್ಜಿ ಉಜ್ಜಿ ಗೇಣುದ್ದ ಬಣ್ಣ ಕಿತ್ತಿತ್ತು. ಬೆಲ್ಟ್ ದಾರಿಯುದ್ದಕ್ಕೂ ಗುಂಯ್‌ಗುಟ್ಟಿದ್ದು ಬೇರೆ. ಅದನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಸದ್ದು ನಿಲ್ಲುತ್ತದೆ ಅಂತ ಎರಡನೇ ಸಲಕ್ಕೆ ಗೊತ್ತಾಯಿತು.

ಕಪಾಟಿನ ಹಲಗೆ ಹೇಗೂ 2 ಅಡಿ ಆಳ ದಾಟುವುದಿಲ್ಲ, ಅಲ್ವಾ? ಮತ್ತೆ ಇಡೀ ಶೀಟನ್ನು ಸುಮ್ನೆ ಯಾಕೆ ಹೊರಬೇಕು? ಅಳತೆ ಬರೆದುಕೊಂಡು ಹೋಗಿ ಅಂಗಡಿಯಲ್ಲೇ ಕತ್ತರಿಸುತ್ತೇನೆ. 4 ಅಡಿಗೆ 2 ಅಡಿಯ ತುಂಡುಗಳು ಡಿಕ್ಕಿಯಿಂದ ಸಲೀಸಾಗಿ ಜಾರುತ್ತವೆ, ಎರಡು ಶೀಟಿನಷ್ಟು ಒಂದೇ ಸಲಕ್ಕೆ ಬರುತ್ತದೆ. ಪ್ರತಿ ಕಡಿತಕ್ಕೂ ಗರಗಸ ಸುಮಾರು 3 ಮಿ.ಮೀ. ತಿನ್ನುತ್ತದೆ, ಅಳತೆ ಹಾಕುವಾಗ ಅದನ್ನೂ ಕಳೆದೇ ಲೆಕ್ಕ ಹಿಡಿಯಿರಿ. ಅಡಿಗೆ ಹಳೇ ಬೆಡ್‌ಶೀಟ್ ಹಾಸಿದರೆ ಸೀಟು ಗೀರಾಗುವುದಿಲ್ಲ.

10 ಅಡಿ ಪೈಪನ್ನೂ ಕತ್ತರಿಸಿಯೇ ತರುತ್ತೇನೆ. ಅದರ ತುದಿ ಮುಂದಿನ ಗಾಜಿಗೆ ತಾಗಿಕೊಂಡಿದ್ದರೆ ಒಂದು ಬ್ರೇಕ್ ಸಾಕು, ಗಾಜು ಹೋಗುತ್ತದೆ. ಟೈಲ್ಸ್ ಆದರೆ ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ. ಐದಾರು ಬಾಕ್ಸ್‌ಗೆ ನಿಲ್ಲಿಸುತ್ತೇನೆ. ಅಷ್ಟು ಹೇರುವ ದಿನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ಟೈರಿಗೆ ಪೂರ್ತಿ ಲೋಡಿನ ಗಾಳಿ ಹಾಕಿಸುತ್ತೇನೆ.

ಗೂಡ್ಸ್ ಗಾಡಿ ಸಿಮೆಂಟ್, ಮರಳು, ಇಡೀ ಬಾಗಿಲಿಗೆ ಸರಿ. ನಾನು ಕೆಲಸ ಮಾಡುವುದು ಭಾನುವಾರ ಮಾತ್ರ, ಒಂದೊಂದೇ ಕಪಾಟು. ವಾರವಾರ ಬಾಡಿಗೆ ಕೊಡುವುದು ನನ್ನ ಕೈಲಾಗದು.

ಮುಂದಿನ ವಾರ ನೆಲದ ಟೈಲ್ಸ್ ಬರಬೇಕು, 22 ಬಾಕ್ಸ್. ಅದಕ್ಕೆ ಮಾತ್ರ ಗಾಡಿ ಹೇಳಿದ್ದೇನೆ.