ಏಳು ವರ್ಷದ ರಿಯಾಕ್ಟ್: ಬಿಟ್ಟಿಲ್ಲ, ಯೂಸ್‌ಎಫೆಕ್ಟ್ ಮಾತ್ರ ಕಡಿಮೆ ಮಾಡಿದ್ದೇನೆ

ವೆಬ್ ಸ್ಕ್ರೀನ್ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟನ್ನು ನಾನು ಹಿಡಿದಾಗ ಎಲ್ಲರೂ ಇನ್ನೂ ಕ್ಲಾಸ್ ಕಾಂಪೊನೆಂಟ್ (ಸ್ಕ್ರೀನಿನ ಒಂದೊಂದು ತುಂಡನ್ನೂ ಒಂದು ಕ್ಲಾಸ್ ಆಗಿ ಬರೆಯುವ ಹಳೇ ಶೈಲಿ) ಬರೆಯುತ್ತಿದ್ದರು. ಬಟನ್ ಒತ್ತಿದರೆ ‘ದಿಸ್’ ಅನ್‌ಡಿಫೈನ್ಡ್ ಅನ್ನುತ್ತಿತ್ತು, ಕನ್‌ಸ್ಟ್ರಕ್ಟರಿಗೆ ಹೋಗಿ ಬೈಂಡ್ ಮಾಡಿ ಬರುತ್ತಿದ್ದೆ. 2019ರ ಫೆಬ್ರವರಿಯಲ್ಲಿ 16.8ನೇ ಆವೃತ್ತಿಯ ಜೊತೆ ಹುಕ್ಸ್ (ಕ್ಲಾಸ್ ಇಲ್ಲದೆ ಬರೀ ಫಂಕ್ಷನ್ನಿನಲ್ಲೇ ಕೆಲಸ ಮುಗಿಸುವ ದಾರಿ) ಬಂತು, ಉಸಿರು ಬಿಟ್ಟಂತಾಯಿತು. ಸ್ಟೇಟ್, ಅಂದರೆ ಸ್ಕ್ರೀನ್ ನೆನಪಿಟ್ಟುಕೊಳ್ಳಬೇಕಾದ ಮೌಲ್ಯ, ಇಡುವ ಯೂಸ್‌ಸ್ಟೇಟ್ ಹುಕ್ ಬಗ್ಗೆ ಇವತ್ತಿಗೂ ತಕರಾರಿಲ್ಲ. ಇರುವ ತಕರಾರೆಲ್ಲ ಸ್ಕ್ರೀನ್ ಮೂಡಿದ ಮೇಲೆ ಕೋಡ್ ಓಡಿಸುವ ಯೂಸ್‌ಎಫೆಕ್ಟ್ ಮೇಲೆ, ಅದರಲ್ಲೂ ಅರ್ಧ ನನ್ನದೇ ತಪ್ಪು.

ಆ ವರ್ಷ ಅಡಿಕೆ ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಸ್ಕ್ರೀನ್ ಮಾಡಿಕೊಟ್ಟೆ. ಪ್ರತಿ ಸಾಲಿನಲ್ಲಿ ತೂಕ, ದರ, ಮೊತ್ತ. ಮೊತ್ತಕ್ಕೂ ಒಂದು ಸ್ಟೇಟ್ ಇಟ್ಟು, ಎಫೆಕ್ಟ್‌ನಲ್ಲಿ ಗುಣಿಸಿ ತುಂಬುತ್ತಿದ್ದೆ. ಮೊದಲು ಹಳೇ ಮೊತ್ತ ಕಾಣಿಸಿ, ಮಿಂಚಿದ ಹಾಗೆ ಹೊಸದು ಬರುತ್ತಿತ್ತು. ಡಿಪೆಂಡೆನ್ಸಿ ಪಟ್ಟಿಯಲ್ಲಿ (ಯಾವುದು ಬದಲಾದರೆ ಎಫೆಕ್ಟ್ ಮತ್ತೆ ಓಡಬೇಕು ಅನ್ನುವ ಪಟ್ಟಿ) ದರ ಬರೆಯಲು ಮರೆತ ದಿನ ಹಳೇದೇ ಕೂತುಬಿಟ್ಟಿತು. ಅಲ್ಲಿ ಎಫೆಕ್ಟೂ ಬೇಡ, ಸ್ಟೇಟೂ ಬೇಡ, ರೆಂಡರ್ ಆಗುವಾಗ, ಅಂದರೆ ಸ್ಕ್ರೀನ್ ಮೂಡಿಸುವಾಗಲೇ, ತೂಕವನ್ನು ದರದಿಂದ ಗುಣಿಸುವ ಒಂದು ಸಾಲು ಸಾಕು ಅಂತ ಹೊಳೆಯೋಕೆ ತಿಂಗಳುಗಳೇ ಹಿಡಿದವು.

ಅದೇ ಸ್ಕ್ರೀನಿನಲ್ಲಿ ಇನ್ನೊಂದು ಕಥೆ. ರಾಶಿ, ಬೆಟ್ಟೆ, ಗೊರಬಲು ಅಂತ ಮೂರು ಬಗೆಯ ಅಡಿಕೆಗೆ ಮೂರು ಸಾಲು. ಸಾಲಿನ ಗುರುತಾದ ಕೀ ಜಾಗಕ್ಕೆ ಸುಮ್ನೆ ಇಂಡೆಕ್ಸ್ (ಸಾಲಿನ ಕ್ರಮಸಂಖ್ಯೆ) ಹಾಕಿದ್ದೆ. ನಡುವಿನ ಬೆಟ್ಟೆ ಅಳಿಸಿದೆ. ಹೆಸರು ಹೋಯಿತು, ಆದರೆ ಅದರ ತೂಕ, ದರ ಎರಡೂ ಮೇಲೆ ಬಂದ ಗೊರಬಲಿಗೆ ಅಂಟಿಕೊಂಡವು! ಗೊರಬಲು ಆ ದರಕ್ಕೆ ಹೋಗುವುದಾದರೆ ಬೆಟ್ಟೆ ಮಾಡುವ ಕಷ್ಟ ಯಾರು ಪಡುತ್ತಿದ್ದರು? ರಿಯಾಕ್ಟ್ ಸಾಲನ್ನು ಗುರುತಿಸುವುದು ಕೀ ನೋಡಿ. ಎರಡನೇ ನಂಬರ್ ಇನ್ನೂ ಇದೆಯಲ್ಲ ಅಂತ ಹಳೇ ಸ್ಟೇಟನ್ನೇ ಉಳಿಸಿಕೊಂಡಿತ್ತು. ಕೀ ಕೊಡದಿದ್ದರೆ ಕನ್ಸೋಲ್‌ನಲ್ಲಿ ಎಚ್ಚರಿಕೆ ಬರುತ್ತದೆ. ಇಂಡೆಕ್ಸ್ ಕೊಟ್ಟರೆ ಎಚ್ಚರಿಕೆ ಬಾಯಿ ಮುಚ್ಚುತ್ತದೆ, ತಪ್ಪು ಮಾತ್ರ ಅಲ್ಲೇ ಇರುತ್ತದೆ.

2022ರಲ್ಲಿ 18ನೇ ಆವೃತ್ತಿಗೆ ಹೋದಾಗ ಡೆವಲಪ್‌ಮೆಂಟ್‌ನಲ್ಲಿ ಎಫೆಕ್ಟ್‌ಗಳೆಲ್ಲ ಎರಡೆರಡು ಸಲ ಓಡತೊಡಗಿದವು. ತಪ್ಪು ಹುಡುಕಿಕೊಡಲು ಇರುವ ಸ್ಟ್ರಿಕ್ಟ್‌ಮೋಡ್ ಕೆಲಸ. ಸಿಟ್ಟು ಬಂದು ತೆಗೆದೇ ಹಾಕಿದ್ದೆ. ಒಂದು ಟೈಮರ್ ನಿಲ್ಲಿಸದೇ ಬಿಟ್ಟಿದ್ದು ಸಿಕ್ಕಿಬಿದ್ದ ಮೇಲೆ ಸದ್ದಿಲ್ಲದೆ ವಾಪಸ್ ಹಾಕಿದೆ. ಎರಡು ಸಲ ಓಡಿದ್ದರೆ ಅದು ಮೊದಲ ದಿನವೇ ಕಾಣುತ್ತಿತ್ತು, ಅಲ್ವಾ?

2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡದವರು, ಹೊಸ ಪ್ರಾಜೆಕ್ಟ್ ಶುರು ಮಾಡಿಕೊಡುತ್ತಿದ್ದ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ಗೆ ವಿದಾಯ ಹೇಳಿದರು. ನಾನು ಅಷ್ಟರಲ್ಲಿ ಅದೇ ಕೆಲಸ ಮಾಡುವ ವೀಟ್‌ಗೆ ಹೋಗಿಯಾಗಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ರಿಯಾಕ್ಟ್ ಕಂಪೈಲರ್ 1.0 ಬಂದ ಮೇಲೆ ಯೂಸ್‌ಮೆಮೊ, ಯೂಸ್‌ಕಾಲ್‌ಬ್ಯಾಕ್ (ಒಮ್ಮೆ ಮಾಡಿದ ಲೆಕ್ಕ, ಫಂಕ್ಷನ್ ಮತ್ತೆ ಮಾಡದಂತೆ ಉಳಿಸಿಡುವ ಹುಕ್ಸ್) ಕೈಯಾರೆ ಬರೆಯುವುದು ಹೆಚ್ಚುಕಮ್ಮಿ ನಿಂತಿದೆ. ಇಷ್ಟು ವರ್ಷದಲ್ಲಿ ಹುಕ್ಸ್ ಬಿಟ್ಟರೆ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಮುಂದಿನ ಪ್ರಾಜೆಕ್ಟಿಗೂ ಇದನ್ನೇ ತಗೊಳ್ಳುತ್ತೇನಾ? ಫಾರ್ಮ್, ಪಟ್ಟಿ ಜಾಸ್ತಿ ಇದ್ದರೆ ಹೌದು. ನಾಲ್ಕು ಪುಟದ ಅಂಗಡಿ ವೆಬ್‌ಸೈಟಿಗೆ ಬೇಡ, ಅದಕ್ಕೆ ಬರೀ ಎಚ್‌ಟಿಎಂಎಲ್ ಧಾರಾಳ.