ದುಬೈನಲ್ಲಿ ಅಂಗಡಿ ಲೈಸೆನ್ಸ್ ಮಾಡಿಸಿಕೊಟ್ಟ ಏಜೆನ್ಸಿ: 5ಕ್ಕೆ 3 ಸ್ಟಾರ್, ಅದರಲ್ಲಿ 2 ಆ ಹುಡುಗನಿಗೆ

2024ರ ಸೆಪ್ಟೆಂಬರ್‌ನಲ್ಲಿ ಬರ್ ದುಬೈನ ಮೀನಾ ಬಜಾರ್ ಹತ್ತಿರದ ಒಂದು ಗಲ್ಲಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಹಾಕಿದೆ. ಎರಡು ಮಿಷನ್, ಒಂದು ಕಟಿಂಗ್ ಟೇಬಲ್, ಪರದೆ ಎಳೆದರೆ ಟ್ರಯಲ್ ರೂಮ್. ಅಷ್ಟೇ. ಲೈಸೆನ್ಸ್ ಕೆಲಸವನ್ನೆಲ್ಲ ಒಂದು ಬಿಸಿನೆಸ್ ಸೆಟಪ್ ಏಜೆನ್ಸಿಗೆ ವಹಿಸಿದ್ದೆ. ಹೆಸರು ಬರೆಯುವುದಿಲ್ಲ. ಇಂಥವು ಇಲ್ಲಿ ಬೀದಿಗೆ ನಾಲ್ಕಿವೆ, ನಾನು ವಿಚಾರಿಸಿದ ಮೂರು ಕಡೆಯೂ ಹೆಚ್ಚುಕಡಿಮೆ ಇದೇ ಮಾತು. ಊರಿನಿಂದ ಫೋನ್ ಮಾಡಿ "ಅಲ್ಲಿ ಅಂಗಡಿ ಹಾಕೋದು ಹೇಗೆ" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅವರಿಗೆಲ್ಲ ಇನ್ನು ಇದನ್ನೇ ಕಳಿಸುತ್ತೇನೆ.

ಮೊದಲ ದಿನ ಏಸಿ ರೂಮಿನಲ್ಲಿ ಕೂರಿಸಿ ಕರಕ್ ಚಹಾ ಕೊಟ್ಟರು. "12,500 ದಿರ್ಹಮ್, ಎಲ್ಲಾ ಸೇರಿ ಮೇಡಂ." ನಾನು ಖುಷಿಯಾಗಿ ತಲೆಯಾಡಿಸಿದೆ. ನಮ್ಮ ಮನೆಯವರು ಸುಮ್ನೆ ಒಂದು ಪ್ರಶ್ನೆ ಕೇಳಿದರು: ಇದು ಎಲ್ಲಿಯ ಲೈಸೆನ್ಸು? ನೋಡಿದರೆ ಫ್ರೀಜೋನ್‌ದು, ಅಂದರೆ ಬೇರೆಯೇ ನಿಯಮಗಳಿರುವ ವಿಶೇಷ ವ್ಯಾಪಾರ ವಲಯದ್ದು. ಆನ್‌ಲೈನ್ ವ್ಯಾಪಾರ, ಕನ್ಸಲ್ಟಿಂಗ್ ಥರದ ಕೆಲಸಕ್ಕೆ ಅದು ಸರಿ. ಊರೊಳಗೆ ರಸ್ತೆಗೆ ಬಾಗಿಲಿಟ್ಟು ಹೊಲಿಗೆ ಅಂಗಡಿ ನಡೆಸಬೇಕಾದರೆ ಮೇನ್‌ಲ್ಯಾಂಡ್ ಲೈಸೆನ್ಸೇ ಬೇಕು, ಅಂದರೆ ಆ ವಲಯಗಳ ಹೊರಗಿನ ದುಬೈದು. "ಓ, ನಿಮಗೆ ಅಂಗಡಿಯೇ ಬೇಕಾ?" ಅಂದರು. ಅರ್ಧ ಗಂಟೆಯಿಂದ ನಾನು ಹೇಳುತ್ತಿದ್ದದ್ದು ಇನ್ನೇನು!

ಮೇನ್‌ಲ್ಯಾಂಡ್ ಅಂದ ಕೂಡಲೇ ನಮ್ಮ ನೆಂಟರೆಲ್ಲ "ಅರ್ಧಕ್ಕಿಂತ ಜಾಸ್ತಿ ಪಾಲು ಅರಬಿಗೆ ಕೊಡಬೇಕಂತೆ" ಅಂತ ಹೆದರಿಸಿದರು. ಅದು ಹಳೇ ಕಥೆ. 2021ರ ಜೂನ್ 1ರಿಂದ ಹೆಚ್ಚಿನ ವ್ಯಾಪಾರಗಳಲ್ಲಿ ನೂರಕ್ಕೆ ನೂರು ನಮ್ಮದೇ ಹೆಸರಲ್ಲಿ ಇಟ್ಟುಕೊಳ್ಳಬಹುದು. ನನ್ನದು ಒಬ್ಬಳದ್ದೇ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ.

ಇನ್ನು ಹೆಸರಿನ ಗೋಳು. ನಾನು ಕೊಟ್ಟದ್ದು ಶ್ರೀ ದುರ್ಗಾ ಟೈಲರ್ಸ್. ಧರ್ಮಕ್ಕೆ ಸಂಬಂಧಿಸಿದ ಹೆಸರು ಇಲ್ಲಿ ಇಡುವ ಹಾಗಿಲ್ಲ, ವಾಪಸ್ ಬಂತು. ಇದು ಏಜೆನ್ಸಿಯವರಿಗೆ ಮೊದಲೇ ಗೊತ್ತಿರಬೇಕಿತ್ತು ಅಲ್ವಾ? ಆಮೇಲೆ ಪಲ್ಲವಿ ಅಂತ ಕೊಟ್ಟೆ, ಆಯಿತು. ಬೋರ್ಡಿನಲ್ಲಿ ಅರಬ್ಬಿಯಲ್ಲೂ ಬರೆಸಬೇಕು. ಅರಬ್ಬಿಯಲ್ಲಿ 'ಪ' ಇಲ್ಲ, 'ಬ' ಹಾಕುತ್ತಾರೆ. ಹಾಗಾಗಿ ಬೋರ್ಡಿನ ಒಂದು ಕಡೆ ನಾನು ಪಲ್ಲವಿ, ಇನ್ನೊಂದು ಕಡೆ ಬಲ್ಲವಿ. ಪಕ್ಕದ ಮೊಬೈಲ್ ಅಂಗಡಿಯ ಈಜಿಪ್ಟಿನವರು ಇವತ್ತಿಗೂ ನನ್ನನ್ನು ಮೇಡಂ ಬಲ್ಲವಿ ಅಂತಲೇ ಕರೆಯುವುದು. ನನ್ನ ಹೆಸರು ಅದೂ ಅಲ್ಲ, ಇದೂ ಅಲ್ಲ.

ನಿಜವಾಗಿ ತಲೆ ಕೆಟ್ಟದ್ದು ಬಾಡಿಗೆ ವಿಷಯದಲ್ಲಿ. ಲೈಸೆನ್ಸ್ ಸಿಗಬೇಕಾದರೆ ಇಜಾರಿ ಬೇಕು, ಅಂದರೆ ಬಾಡಿಗೆ ಕರಾರಿನ ನೋಂದಣಿ. ಕರಾರು ಮಾಡಬೇಕಾದರೆ ಮಾಲೀಕರಿಗೆ ಮುಂದಿನ ತಾರೀಕಿನ ನಾಲ್ಕು ಚೆಕ್ ಬೇಕು, ಅದೂ ಕಂಪನಿ ಚೆಕ್ಕೇ ಆಗಬೇಕು ಅಂತ ಅವರ ಹಟ. ಕಂಪನಿ ಹೆಸರಲ್ಲಿ ಬ್ಯಾಂಕ್ ಖಾತೆ ತೆಗೆಯಲು ಲೈಸೆನ್ಸ್ ಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಅಂತಾರಲ್ಲ, ಥೇಟ್ ಹಾಗೆ. ಕೊನೆಗೆ ನಮ್ಮ ಮನೆಯವರ ಸ್ವಂತ ಚೆಕ್ಕನ್ನು ಮಾಲೀಕರು ಒಪ್ಪುವ ಹಾಗೆ ಮಾಡಿದ್ದು ಏಜೆನ್ಸಿಯ ಕೌಂಟರಿನಲ್ಲಿ ಕೂರುವ ಹುಡುಗ. ಕಾಸರಗೋಡಿನವನು, ಕನ್ನಡ ಚೆನ್ನಾಗಿ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕಿದರೂ ಉತ್ತರ ಕೊಡುತ್ತಿದ್ದ. ಬೋರ್ಡ್ ರೆಡಿಯಾಗಿ ಇವತ್ತೇ ಹಾಕಿಸಿಬಿಡೋಣ ಅಂತ ನಾನು ಏಣಿ ತರಿಸಿದ ದಿನ ಫೋನ್ ಮಾಡಿ, "ಅಕ್ಕ, ಬೋರ್ಡಿನ ಪರ್ಮಿಟ್ ಬಾರದೆ ಹಾಕಿಸ್ಬೇಡಿ, ಫೈನ್ ಬೀಳ್ತದೆ" ಅಂತ ತಡೆದ. ಆ ಎರಡು ಸ್ಟಾರ್ ಇದಕ್ಕೇ.

ಬ್ಯಾಂಕ್ ಖಾತೆ "ಒಂದು ವಾರ" ಅಂದಿದ್ದರು. ಏಳು ವಾರ ಹಿಡಿಯಿತು. ಅಲ್ಲಿಯವರೆಗೆ ಫಾಲ್ಸ್ ಪಿಕೋ ದುಡ್ಡೆಲ್ಲ ಬಿಸ್ಕೆಟ್ ಡಬ್ಬಿಯಲ್ಲಿ.

ಸ್ಟಾರ್ ಕಿತ್ತುಕೊಂಡದ್ದಕ್ಕೆ ಎರಡು ಕಾರಣ. ಒಂದು, ಹೊಸ ಕೊಟೇಶನ್‌ನಲ್ಲಿ ನನಗೆ ಇನ್ವೆಸ್ಟರ್ ವೀಸಾ ಅಂತ ಸಾವಿರಗಟ್ಟಲೆ ಸೇರಿಸಿದ್ದರು. ನಾನಿರುವುದು ಗಂಡನ ವೀಸಾದಲ್ಲಿ, ಅಂಗಡಿ ಇಟ್ಟುಕೊಳ್ಳಲು ಬೇರೆ ವೀಸಾ ಬೇಕಾಗಿಯೇ ಇರಲಿಲ್ಲ. ಕೇಳಿದ ಮೇಲೆ ತೆಗೆದರು. ಕೇಳದಿದ್ದರೆ?

ಎರಡನೆಯದು ಕಾರ್ಪೊರೇಟ್ ಟ್ಯಾಕ್ಸ್. ಇಲ್ಲಿ 3,75,000 ದಿರ್ಹಮ್‌ವರೆಗಿನ ಲಾಭಕ್ಕೆ ತೆರಿಗೆ ಸೊನ್ನೆ, ಅದಕ್ಕಿಂತ ಮೇಲಿನದ್ದಕ್ಕೆ ಶೇ. 9. ನನ್ನ ಅಂಗಡಿ ಆ ಲೆಕ್ಕದ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ತೆರಿಗೆ ಇರಲಿ ಬಿಡಲಿ, 2024ರ ಮಾರ್ಚ್ 1ರಿಂದ ಈಚೆಗೆ ಶುರುವಾದ ಕಂಪನಿ ಮೂರು ತಿಂಗಳೊಳಗೆ ನೋಂದಣಿ ಮಾಡಿಸಲೇಬೇಕು. ತಪ್ಪಿದರೆ ದಂಡ 10,000 ದಿರ್ಹಮ್. ಈ ಮಾತನ್ನು ಏಜೆನ್ಸಿಯಲ್ಲಿ ಒಬ್ಬರೂ ಎತ್ತಲಿಲ್ಲ. ನಮ್ಮ ಬಿಲ್ಡಿಂಗಿನಲ್ಲೇ ಇರುವ ಮಂಗಳೂರಿನ ಅಕೌಂಟೆಂಟ್ ಒಬ್ಬರು ಹೆಂಡತಿಯ ಬ್ಲೌಸ್ ಒಯ್ಯಲು ಬಂದಾಗ ಗೋಡೆಯ ಲೈಸೆನ್ಸ್ ನೋಡಿ, "ಟ್ಯಾಕ್ಸ್ ರಿಜಿಸ್ಟರ್ ಆಯ್ತಾ?" ಅಂತ ಕೇಳಿದ್ದಕ್ಕೆ ಬಚಾವಾದೆ. ಆಗ ಉಳಿದಿದ್ದದ್ದು ಹನ್ನೊಂದು ದಿನ. ಏಜೆನ್ಸಿಗೆ ಫೋನ್ ಮಾಡಿದರೆ "ಮಾಡಿಕೊಡ್ತೇವೆ, 500 ದಿರ್ಹಮ್" ಅಂದರು. ಸರ್ಕಾರದ ವೆಬ್‌ಸೈಟಿನಲ್ಲಿ ಅದು ಪುಕ್ಕಟೆ. ಒಂದು ಸಂಜೆ ಕೂತು ನಾವೇ ಮಾಡಿದೆವು.

ಒಟ್ಟು ಖರ್ಚು, ಬಾಡಿಗೆ ಮತ್ತು ಮಿಷನ್ ಬಿಟ್ಟು, ಟೈಲರ್ ಒಬ್ಬರ ವೀಸಾ ಸೇರಿಸಿ, 29,400 ದಿರ್ಹಮ್. ಅದರಲ್ಲಿ ಏಜೆನ್ಸಿಯ ಸರ್ವಿಸ್ ಚಾರ್ಜ್ 4,000. ಓಡಾಟಕ್ಕೆ ಅಂತ ನೋಡಿದರೆ ಆ ದುಡ್ಡು ದಂಡ ಅಲ್ಲ. ಅರಬ್ಬಿ ಫಾರಂ, ಅದನ್ನು ತುಂಬಿಕೊಡುವ ಟೈಪಿಂಗ್ ಸೆಂಟರ್, ಕಚೇರಿಯಿಂದ ಕಚೇರಿಗೆ ತಿರುಗಾಟ, ಇಷ್ಟನ್ನು ನಾನೊಬ್ಬಳೇ ಮಾಡಿದ್ದರೆ ದಸರಾ ಸೀಸನ್ ಕೈತಪ್ಪುತ್ತಿತ್ತು. ಸಲಹೆಗೆ ಮಾತ್ರ ಅವರನ್ನು ನಂಬಬೇಡಿ. ಕೊಟೇಶನ್ ಕೈಗೆ ಬಂದ ಮೇಲೆ ಒಂದೊಂದೇ ಸಾಲಿಗೆ ಬೆರಳಿಟ್ಟು "ಇದು ಸರ್ಕಾರಕ್ಕಾ, ನಿಮಗಾ?" ಅಂತ ಕೇಳಿ.

ಲೈಸೆನ್ಸ್ ಪ್ರತಿವರ್ಷ ರಿನ್ಯೂ ಮಾಡಿಸಬೇಕು. ಮೊದಲ ಸಲದ್ದನ್ನು ನಾನೇ ಮಾಡಿದೆ, ಒಂದು ಕಡೆ ಸಿಕ್ಕಿಹಾಕಿಕೊಂಡಾಗ ಆ ಹುಡುಗನಿಗೇ ಫೋನ್ ಮಾಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ತಂಗಿಯ ಮದುವೆಯಂತೆ, ಎರಡು ಬ್ಲೌಸಿನ ಅಳತೆ ಕಳಿಸಿದ್ದಾನೆ.