ತೀರ್ಪುಗಾರರಾಗಿ ಯಾರು: ವೃತ್ತಿಪರ ಕಲಾವಿದರೋ, ಕಲಾ ಶಿಕ್ಷಕರೋ?

ಚಿತ್ರಕಲಾ ಸ್ಪರ್ಧೆಗೆ ಯಾರನ್ನು ಕರೆಯೋಣ ಎಂದು ಕೇಳಿದ್ದೀರಿ. ದೊಡ್ಡವರ ಸ್ಪರ್ಧೆ, ಕಸುಬಿನ ಸೂಕ್ಷ್ಮವೇ ಮುಖ್ಯ ಅಂದರೆ ವೃತ್ತಿಪರ ಕಲಾವಿದರೇ ಸರಿ. ಜಲವರ್ಣದಲ್ಲಿ ಬಿಳಿ ಜಾಗ ಕಾಗದವನ್ನೇ ಉಳಿಸಿಕೊಂಡದ್ದೋ, ಆಮೇಲೆ ಬಿಳಿ ಬಣ್ಣ ಬಳಿದದ್ದೋ ಎಂಬುದು ಅವರಿಗೆ ಥಟ್ಟನೆ ತಿಳಿಯುತ್ತದೆ. ಆದರೆ ತಮ್ಮ ಶೈಲಿಯತ್ತಲೇ ವಾಲುವ ಅಪಾಯವೂ ಉಂಟು. 1863ರಲ್ಲಿ ‘ಪ್ಯಾರಿಸ್ ಸಲೋನ್’ ಎಂಬ ದೊಡ್ಡ ಕಲಾ ಪ್ರದರ್ಶನದ ತೀರ್ಪುಗಾರರು, ಇಂದು ಜಗತ್ಪ್ರಸಿದ್ಧನಾಗಿರುವ ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆಯ ಚಿತ್ರಗಳನ್ನೇ ತಿರಸ್ಕರಿಸಿದ್ದರು! ಹಾಗಾಗಿ ಬೇರೆಬೇರೆ ಶೈಲಿಯ ಮೂವರಿರಲಿ. ಗೌರವಧನ, ಓಡಾಟದ ಖರ್ಚು ಏರುತ್ತದೆ, ಅಷ್ಟೇ.

ಮಕ್ಕಳ ಸ್ಪರ್ಧೆಗಾದರೆ ನನ್ನ ಮತ ಶಿಕ್ಷಕರಿಗೆ. ಯಾವ ವಯಸ್ಸಿಗೆ ಎಷ್ಟು ಬರುತ್ತದೆ, ಎಲ್ಲಿ ಅಪ್ಪ ಅಮ್ಮನ ಕೈ ಆಡಿದೆ ಅನ್ನುವುದು ಅವರಿಗೆ ಗೊತ್ತು. ತಮ್ಮದೇ ವಿದ್ಯಾರ್ಥಿಗಳು ಭಾಗವಹಿಸಿದ್ದರೆ ಮಾತ್ರ ಬೇಡ; ಹೆಸರು ಮುಚ್ಚಿಟ್ಟರೂ ಗೆರೆ ನೋಡಿಯೇ ಗುರುತು ಹಿಡಿಯುತ್ತಾರೆ.